ತಿರುಗಿಸಿ ನೋಡದ ಗೊಂಬೆ

ನಮ್ಮ ಮನೆಯಲ್ಲಿ ನವರಾತ್ರಿಗೆ ಗೊಂಬೆ ಕೂರಿಸುವುದಕ್ಕೆ ಎರಡು ನಿಯಮಗಳಿವೆ. ಮೊದಲನೆಯದು ಮೈಸೂರಿನಲ್ಲಿ ನಮ್ಮ ಬೀದಿಯ ಎಲ್ಲ ಮನೆಗಳಲ್ಲೂ ಇದ್ದದ್ದು: ಪ್ರತಿ ವರ್ಷ ಒಂದಾದರೂ ಹೊಸ ಗೊಂಬೆ ಮೆಟ್ಟಿಲೇರಬೇಕು. ಎರಡನೆಯದು ನಾನು ಮಾಡಿದ್ದು. ಗೊಂಬೆಯನ್ನು ತಂದವರು ಅದರ ಪರವಾಗಿ ಮೂರು ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ಯಾರು ಮಾಡಿದ್ದು? ಯಾವುದರಿಂದ ಮಾಡಿದ್ದು? ಅದು ನಿನಗೆ ಹೇಗೆ ಗೊತ್ತು? ಮೊದಲೆರಡಕ್ಕೆ ಎಲ್ಲರೂ ಥಟ್ಟನೆ ಉತ್ತರ ಕೊಡುತ್ತಾರೆ, ಮೂರನೆಯದಕ್ಕೆ ತಡವರಿಸುತ್ತಾರೆ. ತಡವರಿಸಿದವರ ಗೊಂಬೆಗಳಿಗಾಗಿಯೇ, ಈಗ ನಾನು ಮಗಳ ಜೊತೆಗಿರುವ ಪರದೇಶದ ಊರು ಪ್ಲೆಸೆಂಟನ್ನಿನ ನಮ್ಮ ಮನೆಯ ಗರಾಜಿನಲ್ಲಿ ಒಂದು ಶೆಲ್ಫು ಇದೆ.

ಆ ಶೆಲ್ಫಿನಲ್ಲಿ ಮಗಳು ಅಲಾಸ್ಕಾ ಪ್ರವಾಸದಿಂದ ತಂದ ಕರಡಿಯಿದೆ. ಅಲ್ಲಿಯ ಮೂಲನಿವಾಸಿಗಳು ಕೈಯಿಂದ ಕೆತ್ತಿದ್ದು ಎಂದು ಅದರ ಜೊತೆಗೆ ಒಂದು ಕಾಗದವೂ ಬಂದಿತ್ತು. ನಾನು ಕನ್ನಡಕ ಹಾಕಿಕೊಂಡು ಕರಡಿಯನ್ನು ಮಗುಚಿ, ಅಡಿಯ ಹಸಿರು ಬಟ್ಟೆಯನ್ನು ಉಗುರಿನಿಂದ ಎಬ್ಬಿಸಿದೆ. ಒಳಗೆ ಕಾರ್ಖಾನೆಯ ಚೀಟಿಯಿತ್ತು. ಅದು ಬೇರೆಯೇ ಖಂಡದ್ದು. ಅಳಿಯ ಯಾವುದೋ ವಿಮಾನ ನಿಲ್ದಾಣದಲ್ಲಿ ಕೊಂಡು ತಂದ ಉಣ್ಣೆಯ ಒಂಟೆಯಂಥ ಪ್ರಾಣಿಯೂ ಅಲ್ಲಿದೆ. ಅದರ ಬಗ್ಗೆ ಕೇಳಿದಾಗ ಅವರು, "ಅತ್ತೆ, ನನಗೆ ಮೀಟಿಂಗು ಇದೆ" ಎಂದು ಎದ್ದುಹೋದರು.

ಈ ಅಭ್ಯಾಸ ನನಗೆ ಬಂದದ್ದು ಹುಟ್ಟಿದ ಊರಿನಿಂದ. ನಮ್ಮ ಬೀದಿಯ ತುದಿಯಲ್ಲಿ ಒಂದು ಹಳೆಯ ಕಮಾನು ಇತ್ತು. ಪ್ರವಾಸಿಗರನ್ನು ಕರೆತರುವವರು ಅದರ ಕೆಳಗೆ ನಿಂತು ಬೆಳಿಗ್ಗೆ ಒಂದು ಕಥೆ ಹೇಳುತ್ತಿದ್ದರು, ಸಂಜೆ ಇನ್ನೊಂದು. ಬೆಳಿಗ್ಗೆ ಅದನ್ನು ಕಟ್ಟಿಸಿದ ರಾಜನೇ ಸಂಜೆಯ ಹೊತ್ತಿಗೆ ಅದನ್ನು ಕೆಡವಲು ಬಂದ ವೈರಿಯಾಗಿರುತ್ತಿದ್ದ. ಏಳನೆಯ ತರಗತಿಗೆ ನನ್ನನ್ನು ಶಾಲೆ ಬಿಡಿಸಿದ್ದರಿಂದ ಜಗಲಿಯಲ್ಲಿ ಅಕ್ಕಿ ಆರಿಸುತ್ತ ಎರಡೂ ಕಥೆಗಳನ್ನು ಕೇಳುವ ಅವಕಾಶ ನನಗಿತ್ತು. ಶಾಲೆಯಲ್ಲಿ ಕುಳಿತಿದ್ದ ನನ್ನ ಅಣ್ಣಂದಿರಿಗೆ ಅದು ಇರಲಿಲ್ಲ. ಮುಂದೆ ನಾನು ಓದಿದ್ದೆಲ್ಲ ಸಾಲ ತಂದ ಪುಸ್ತಕಗಳಲ್ಲಿ. ಓದಿದ ಪ್ರತಿಯೊಂದನ್ನೂ ಇನ್ನೊಂದು ಪುಸ್ತಕದ ಪಕ್ಕದಲ್ಲಿಟ್ಟು ನೋಡಿಯೇ ನಂಬಿದೆ, ಅಥವಾ ನಂಬದೆ ಬಿಟ್ಟೆ.

ಗೊಂಬೆಗಳ ಸಾಲಿನಲ್ಲಿ ಎಲ್ಲಕ್ಕೂ ಮೇಲೆ, ಕಲಶದ ಪಕ್ಕದಲ್ಲಿ ಕೂರುವುದು ಪಟ್ಟದ ಗೊಂಬೆಗಳು: ಒಬ್ಬ ರಾಜ, ಒಬ್ಬಳು ರಾಣಿ. ಮದುವೆಯಲ್ಲಿ ತಾಯಿ ಮಗಳಿಗೆ ಕೊಡುವ ಜೋಡಿ ಅದು. ನನ್ನ ತಾಯಿಗೆ ಅವರ ತಾಯಿ ಕೊಟ್ಟಿದ್ದರು, ನನಗೆ ನನ್ನ ತಾಯಿ. ಅರಮನೆಯ ಬಡಗಿ ಒಂದೇ ರಕ್ತಚಂದನದ ತುಂಡಿನಿಂದ ಎರಡನ್ನೂ ಕೆತ್ತಿದನೆಂದು ನಮ್ಮ ಮನೆಯ ಮಾತು. ರಾಣಿಯನ್ನು ಎರಡು ಕೈಯಲ್ಲಿ ಎತ್ತಬೇಕು, ಅಷ್ಟು ಭಾರ. ಅವಳಿಗಿಂತ ಗೇಣುದ್ದ ಎತ್ತರದ ರಾಜನನ್ನು ಒಂದೇ ಕೈಯಲ್ಲಿ ಎತ್ತಬಹುದು. "ಮನೆ ನಡೆಸೋರಿಗೆ ತೂಕ ಇರತ್ತಮ್ಮ, ಮೀಸೆ ತಿರುವೋರಿಗೆ ಎಲ್ಲಿರತ್ತೆ?" ಎಂದು ನನ್ನ ತಾಯಿ ಪ್ರತಿ ವರ್ಷವೂ ನಗುತ್ತಿದ್ದರು. ನಾನೂ ಆ ಮಾತನ್ನು ಪ್ರತಿ ವರ್ಷ ಹೇಳಿ ನಗಿಸಿದ್ದೇನೆ.

ಈಗ ನನಗೆ ಸ್ಟೂಲು ಹತ್ತುವುದು ಆಗದು. ಪಾಡ್ಯದ ದಿನ ಪಟ್ಟದ ಗೊಂಬೆಗಳನ್ನು ಮೇಲಿನ ಮೆಟ್ಟಿಲಿಗೆ ಏರಿಸಿಕೊಡುವವರು ಎರಡು ಮನೆ ಆಚೆಯ ನೆರೆಯಾಕೆ. ಅವರು ಚನ್ನಪಟ್ಟಣದವರು. ಅವರ ತಂದೆ ಮರವನ್ನು ಲೇತಿನಲ್ಲಿ ಕಡೆದು, ಅರಗಿನ ಬಣ್ಣ ಹಚ್ಚಿ ಆಟಿಕೆಗಳನ್ನು ಮಾಡುತ್ತಿದ್ದರು. ನೆರೆಯಾಕೆಯದು ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಆಫೀಸಿನಲ್ಲಿ ಇಂಗ್ಲಿಷು. ರಂಜಾನ್ ಮುಗಿದ ದಿನ ಅವರ ಮನೆಯ ಶಾವಿಗೆ ಪಾಯಸ, ಶೀರ್ ಖುರ್ಮಾ, ನಮ್ಮ ಮನೆಗೆ ಬರುತ್ತದೆ, ನವರಾತ್ರಿಯ ಒಂಬತ್ತು ದಿನವೂ ನಮ್ಮ ಮನೆಯ ಗೊಂಬೆ ಬಾಗಿನದ ತಿಂಡಿ ಅವರ ಮಕ್ಕಳಿಗೆ ಹೋಗುತ್ತದೆ.

ಎರಡು ವರ್ಷದ ಹಿಂದೆ ಊಟದ ಮೇಜಿನಲ್ಲಿ ಮಗಳು ಒಂದು ಮಾತು ಹೇಳಿದಳು. ಅದರಲ್ಲಿ ಕಹಿಯಿರಲಿಲ್ಲ.

"ಅಮ್ಮ, ನಿನ್ನ ಕೈಲಾಗೋವರೆಗೂ ಗೊಂಬೆ ಇಡೋಣ. ಆಮೇಲೆ ನನ್ನ ಕೈಲಾಗಲ್ಲ. ಆ ಸೀಸನ್ನಲ್ಲೇ ನನಗೆ ಆಫೀಸಲ್ಲಿ ಸಾಫ್ಟ್‌ವೇರ್ ರಿಲೀಸು ಕೆಲಸ. ಯಾವುದಾದ್ರೂ ದೇವಸ್ಥಾನಕ್ಕೆ ಕೊಟ್ಟುಬಿಡೋಣ."

"ಉತ್ತರ ಹೇಳೋರು ಯಾರಾದ್ರೂ ಸಿಕ್ಕಿದ್ರೆ ಗೊಂಬೆಗಳಿರೋ ಟ್ರಂಕು ಅವರಿಗೆ" ಎಂದೆ. "ಸಿಗದಿದ್ರೆ ದೇವಸ್ಥಾನಕ್ಕೆ."

ಮೇಜಿನ ಇನ್ನೊಂದು ತುದಿಯಲ್ಲಿ ಮೊಮ್ಮಗಳು ಕಿವಿಗೆ ಹಾಕಿಕೊಂಡದ್ದನ್ನು ಒಂದು ಬದಿಗೆ ಸರಿಸಿ ಕೇಳುತ್ತಿದ್ದಳು. ಅವಳು ಇಲ್ಲಿಯೇ ಹುಟ್ಟಿದವಳು. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಅಭ್ಯಾಸ ಅವಳಿಗೆ. ಅಂದು ಮಾತ್ರ ಕನ್ನಡದಲ್ಲೇ ಕೇಳಿದಳು: "ಎಷ್ಟು ಗೊಂಬೆಗೆ ಉತ್ತರ ಹೇಳ್ಬೇಕು? ಎಲ್ಲಾದಕ್ಕೂನಾ?"

"ಒಂದು ಸರಿಯಾಗಿ ತಗೊಂಡು ಬಾ. ಆಮೇಲೆ ನೋಡೋಣ."

ಅವಳು ಸಸ್ಯಶಾಸ್ತ್ರ ಓದುತ್ತಾಳೆ. ಕಳೆದ ವರ್ಷ ಆಗಸ್ಟಿನಲ್ಲಿ ಒಂದು ಸೆಮಿಸ್ಟರಿನ ಮಟ್ಟಿಗೆ ಹವಾಯಿಯ ದೊಡ್ಡ ದ್ವೀಪಕ್ಕೆ, ಹಿಲೋ ಎಂಬ ಊರಿಗೆ ಹೋದಳು. ಹೊರಡುವಾಗ ನನ್ನ ಕಾಲು ಮುಟ್ಟಿ, "ಅಜ್ಜಿ, ಈ ವರ್ಷದ ಹೊಸ ಗೊಂಬೆ ನಂದು. ಗರಾಜಿಗೆ ಹೋಗಲ್ಲ ಅದು, ಪ್ರಾಮಿಸ್" ಎಂದಳು. ಅವಳು ಕೇಳುತ್ತಿದ್ದುದು ಟ್ರಂಕನ್ನೆಂದು ನನಗೂ ತಿಳಿದಿತ್ತು, ಅವಳಿಗೂ ತಿಳಿದಿತ್ತು.

ಸೆಪ್ಟೆಂಬರಿನ ಉದ್ದನೆಯ ವಾರಾಂತ್ಯದಲ್ಲಿ ಮಗಳು ಮತ್ತು ನಾನು ಅವಳನ್ನು ನೋಡಲು ಓಕ್ಲೆಂಡಿನಿಂದ ವಿಮಾನ ಹತ್ತಿದೆವು. ಮಗಳು ಹೋಟೆಲಿನ ಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕುಳಿತಳು. ಮೊಮ್ಮಗಳು ನನ್ನನ್ನು ಅಂಗಡಿ ಬೀದಿಗೆ ಕರೆದುಕೊಂಡು ಹೋದಳು. ಹಿಲೋದಲ್ಲಿ ಮಳೆ ಬರುತ್ತದೆ, ನಿಲ್ಲುತ್ತದೆ, ಕೊಡೆ ಮಡಚಿದೊಡನೆ ಮತ್ತೆ ಬರುತ್ತದೆ. ರಸ್ತೆಯ ಬದಿಯಲ್ಲಿ ಕೇದಗೆಯ ಮರಗಳನ್ನು ಕಂಡು ನಾನು ಅಲ್ಲಿಯೇ ನಿಂತುಬಿಟ್ಟೆ. ನೆಲಕ್ಕಿಳಿದ ಬೇರು, ಗರಗಸದಂಥ ಗರಿ. ಅವರ ಭಾಷೆಯಲ್ಲಿ ಅದಕ್ಕೆ ಬೇರೆ ಹೆಸರಿದೆ, ಜಾತಿಯೂ ಸ್ವಲ್ಪ ಬೇರೆಯೆಂದು ಮೊಮ್ಮಗಳು ವಿವರಿಸಿದಳು. ನನ್ನ ಕಣ್ಣಿಗೆ ಅದು ಕೇದಗೆಯೇ.

ಮೊದಲ ಅಂಗಡಿಯಲ್ಲಿ ಸ್ಪ್ರಿಂಗಿನ ಮೇಲೆ ಸೊಂಟ ಕುಣಿಸುವ ಪ್ಲಾಸ್ಟಿಕ್ಕಿನ ಹೆಣ್ಣುಗಳಿದ್ದವು. ಅವುಗಳ ಬಗ್ಗೆ ಮಾತಾಡುವುದಕ್ಕಿಲ್ಲ. ಎರಡನೆಯದು ಮರದ ಸಾಮಾನಿನ ಗಂಭೀರವಾದ ಅಂಗಡಿ. ಕಪಾಟಿನಲ್ಲಿ ಕಪ್ಪು ಮಿಶ್ರಿತ ಕೆಂಪು ಬಣ್ಣದ ಒಂದು ಹೆಣ್ಣುಗೊಂಬೆಯಿತ್ತು. ಮೊಮ್ಮಗಳ ಮುಖ ಅರಳಿತು.

"ದ್ವೀಪದ ಮರ, ದ್ವೀಪದ ಕೈಗಳು" ಎಂದರು ಅಂಗಡಿಯ ಹೆಂಗಸು, ಇಂಗ್ಲಿಷಿನಲ್ಲಿ.

ನಾನು ಗೊಂಬೆಯನ್ನು ಮಗುಚಿದೆ. ಅಡಿಯಲ್ಲಿ ಹೊಸದಾಗಿ ಉಪ್ಪುಕಾಗದ ಉಜ್ಜಿದ ಗುರುತು. ಬೆರಳಿಗೆ ಎಂಜಲು ಹಚ್ಚಿ ಒಂದು ಮೂಲೆಯಲ್ಲಿ ತಿಕ್ಕಿದೆ; ಬೆರಳು ಕೆಂಪಾಯಿತು, ಮರ ಬಿಳುಚಿತು.

"ಅಜ್ಜಿ! ಎಲ್ಲಾರೂ ನೋಡ್ತಿದ್ದಾರೆ!"

"ನೋಡಲಿ. ನೋಡೋದಕ್ಕೇ ಅಲ್ವಾ ಅಂಗಡಿ ಇಟ್ಟಿರೋದು." ಆಮೇಲೆ ಅಂಗಡಿಯಾಕೆಯನ್ನು ನನಗೆ ಬಂದ ಇಂಗ್ಲಿಷಿನಲ್ಲಿ ಕೇಳಿದೆ, ಇದನ್ನು ಮಾಡಿದವರು ಯಾರು?

"ಒಂದು ಸ್ಥಳೀಯ ಕುಟುಂಬ."

"ಯಾವ ಊರಿನವರು?"

"ಇಲ್ಲಿಯವರೇ."

"ಅವರನ್ನು ನೀವು ನೋಡಿದ್ದೀರಾ?"

ಆಕೆ ನಕ್ಕು, ಬೇರೆ ಗಿರಾಕಿಯ ಕಡೆಗೆ ತಿರುಗಿದರು. ಆ ನಗೆಯನ್ನು ನಾನು ನಮ್ಮ ಬೀದಿಯ ಕಮಾನಿನ ಕೆಳಗೆ ನೂರು ಸಲ ಕಂಡಿದ್ದೆ. ಮೂರನೆಯ ಅಂಗಡಿಯಲ್ಲಿ ಗರಿಯಿಂದ ಹೆಣೆದ ಟೋಪಿಯ ಒಳಹೊಲಿಗೆಯಲ್ಲಿ ದೂರದೇಶದ ಹೆಸರು ಸಿಕ್ಕಿತು. ನಾಲ್ಕನೆಯದರಲ್ಲಿ ಚಿಪ್ಪಿನ ಗೊಂಬೆಯ ಕೆಳಗೆ ಏನೂ ಸಿಗಲಿಲ್ಲ. ಏನೂ ಸಿಗದಿರುವುದೇ ಅನುಮಾನಕ್ಕೆ ಕಾರಣ ಎಂದು ನಾನು ಹೇಳಿದಾಗ ಮೊಮ್ಮಗಳು ಅದನ್ನು ನನ್ನ ಕೈಯಿಂದ ತೆಗೆದು ಕಪಾಟಿನಲ್ಲಿಟ್ಟು, ನನ್ನನ್ನು ಹೊರಗೆ ಕರೆದುಕೊಂಡು ಬಂದಳು.

ಸಮುದ್ರದ ಎದುರಿನ ಬೆಂಚಿನಲ್ಲಿ ಕುಳಿತೆವು. ಅವಳು ಬಣ್ಣದ ಪಾಕ ಸುರಿದ ಐಸಿನ ಪುಡಿಯನ್ನು ಕೊಂಡು ತಂದಿದ್ದಳು. ಅದು ಕರಗಿ ನೀರಾಗುವವರೆಗೂ ತಿನ್ನಲಿಲ್ಲ.

"ಯೂ ನೋ ವಾಟ್, ಅಜ್ಜಿ? ನೀನು ಡೌಟು ಮಾಡ್ತೀಯ, ಅಷ್ಟೇ. ಹುಡುಕಲ್ಲ."

"ಅಂದ್ರೆ?"

"ಆ ಲೇಡಿಗೆ ಗೊತ್ತಿಲ್ಲ. ಸರಿ. ಗೊತ್ತಿರೋರು ಎಲ್ಲೋ ಇರ್ತಾರಲ್ವಾ? ಯಾರೋ ಒಬ್ಬರು ಮಾಡಿರ್ತಾರಲ್ವಾ? ನೀನು ತಿರುಗಿಸ್ತೀಯ, ಹ್ಞೂಂ ಅಂತೀಯ, ಹೊರಗೆ ಬಂದುಬಿಡ್ತೀಯ. ದೆನ್ ಯೂ ಫೀಲ್ ಸೋ ಹ್ಯಾಪಿ."

ಆ ಕೊನೆಯ ಮಾತು ನನಗೆ ನಾಟಿತು, ಅದು ಸತ್ಯವಾಗಿತ್ತು. ಒಪ್ಪಿಕೊಳ್ಳುವ ಅಭ್ಯಾಸ ನನಗಿಲ್ಲದ ಕಾರಣ, "ಹಾಗಾದ್ರೆ ನೀನೇ ಹುಡುಕು" ಎಂದೆ.

"ಹುಡುಕ್ತೀನಿ. ನೀನು ಜೊತೆಗೆ ಬರಬಾರದು."

"ಬರಲ್ಲ. ಪ್ರಶ್ನೆ ಮಾತ್ರ ಮೂರೂ ಇರತ್ತೆ."

"ಇರಲಿ."

ನಾವು ಊರಿಗೆ ಮರಳಿದ ಎರಡನೆಯ ವಾರ ಅವಳ ಫೋನು ಬಂತು. ತೆರೆಯ ಮೇಲೆ ಮುಖಕ್ಕೆ ಬದಲು ಬೆರಳುಗಳು ಕಂಡವು, ತುಂಬ ಗೀರುಗಳು. ಶನಿವಾರದ ಸಂತೆಯಲ್ಲಿ ಕೇದಗೆ ಗರಿಯಿಂದ ಬುಟ್ಟಿ ಹೆಣೆಯುವ ಒಬ್ಬ ಮುದುಕಿ ಸಿಕ್ಕಿದ್ದರಂತೆ. ಅಲ್ಲಿಯೂ ವಯಸ್ಸಾದ ಹೆಂಗಸರನ್ನೆಲ್ಲ ಆಂಟಿ ಎಂದೇ ಕರೆಯುವುದು. ಆಂಟಿಯ ಮೇಜಿನ ಕೊನೆಯಲ್ಲಿ ಗರಿಯ ಒಂದು ಪುಟ್ಟ ಗೊಂಬೆಯಿತ್ತು. ಅದು ಮಾರಾಟಕ್ಕಲ್ಲ ಎಂದರಂತೆ. ಮೊಮ್ಮಗಳು ನಮ್ಮ ಮೆಟ್ಟಿಲುಗಳ ವಿಷಯ, ನನ್ನ ಮೂರು ಪ್ರಶ್ನೆಗಳ ವಿಷಯ ಎಲ್ಲವನ್ನೂ ಹೇಳಿದ ಮೇಲೆ ಆಂಟಿ, "ಮೊದಲು ಗರಿ ಸ್ವಚ್ಛ ಮಾಡು. ಬೆಲೆಯ ಮಾತು ಆಮೇಲೆ" ಎಂದರಂತೆ.

"ಪ್ರತಿ ಸಾಟರ್ಡೇ ಅವರ ಕಾರ್ ಶೆಡ್ಡಲ್ಲಿ ಕೂತು ಮುಳ್ಳು ತೆಗೀತೀನಿ ಅಜ್ಜಿ. ಮುಳ್ಳು ಎಷ್ಟು ಸಾಲು ಇದೆ ಗೊತ್ತಾ?"

"ಮೂರು" ಎಂದೆ. "ಎರಡು ಅಂಚಿನಲ್ಲಿ, ಒಂದು ಬೆನ್ನಿನ ನಡುವೆ. ನಾನು ಚಿಕ್ಕವಳಿದ್ದಾಗ ಜಡೆಗೆ ಕೇದಗೆ ಮುಡಿಸೋಕೆ ಮುಂಚೆ ನಮ್ಮಜ್ಜಿ ಮೂರನ್ನೂ ಕತ್ತರಿಸ್ತಿದ್ರು. ಅಲ್ಲಿ ಮುಳ್ಳು ಯಾವ ಕಡೆಗೆ ಬಾಗಿರತ್ತೆ?"

ಅವಳು ಅದನ್ನು ನೋಡಿರಲಿಲ್ಲ. ಮುಂದಿನ ಶನಿವಾರ ನಾನು ಕೇಳುವ ಮೊದಲೇ ಹೇಳಿದಳು: "ತುದಿ ಕಡೆಗೆ. ಬುಡದಿಂದ ತುದಿಗೆ ಕೈ ಎಳೆದ್ರೆ ಚುಚ್ಚಲ್ಲ. ಆಂಟಿ ಹೇಳಿರಲಿಲ್ಲ, ನಾನೇ ನೋಡ್ದೆ." ಆ ದಿನ ಫೋನಿಟ್ಟ ಮೇಲೆ ನಾನು ಅಡುಗೆಮನೆಯಲ್ಲಿ ಒಬ್ಬಳೇ ನಿಂತು ನಕ್ಕೆ.

ನವರಾತ್ರಿಯ ಕೊನೆಯ ವಾರಾಂತ್ಯಕ್ಕೆ ಅವಳು ಬಂದಳು. ಕೈಚೀಲದಲ್ಲಿ ಬಟ್ಟೆ ಸುತ್ತಿದ ಗೊಂಬೆ. ಹೊರಡುವಾಗ ಅಲ್ಲಿಯ ವಿಮಾನ ನಿಲ್ದಾಣದಲ್ಲಿ ಗಿಡಮರದ ವಸ್ತುಗಳನ್ನು ಪರೀಕ್ಷಿಸುವವರು ಅದನ್ನು ನೋಡಿದರಂತೆ. "ಅವರು ಕೇಳಿದ್ದು ಎರಡೇ ಕ್ವೆಶ್ಚನ್ನು. ಅಜ್ಜಿಗಿಂತ ಈಸಿ ಅವರು" ಎಂದು ತನ್ನ ಅಮ್ಮನಿಗೆ ಹೇಳಿ ನಗುತ್ತಿದ್ದಳು.

ಆ ಸಂಜೆ ಗೊಂಬೆ ಆರತಿಗೆ ಏಳೆಂಟು ಜನ ಹೆಂಗಸರು ಬಂದಿದ್ದರು. ಲಾಸ್ ಆಲ್ಟೋಸಿನಿಂದ ಬಂದ ಒಬ್ಬರು ಡಾಕ್ಟರು, ನಮ್ಮ ರಸ್ತೆಯ ಎರಡು ಮನೆಯವರು, ಮಕ್ಕಳೊಡನೆ ನೆರೆಯಾಕೆ. ಸುಮ್ಮನೆ ಕೂತು ನೋಡುವ ಜನವಲ್ಲ ಅವರು; ಮೈಸೂರಿನ ಪದ್ಧತಿಯಂತೆ ಹೊಸ ಗೊಂಬೆ ಯಾವುದೆಂದು ಹುಡುಕಿ, ಅದರ ಕಥೆ ಕೇಳುವವರು. ನಾನು ಕುರ್ಚಿಯಲ್ಲಿ ಕುಳಿತು, "ಕೇಳಿ, ಅವಳನ್ನೇ ಕೇಳಿ" ಎಂದೆ.

ಮೊಮ್ಮಗಳು ಗೊಂಬೆಯನ್ನು ಅಂಗೈ ಮೇಲಿಟ್ಟುಕೊಂಡು ಎದ್ದು ನಿಂತಳು. ಗೇಣಿಗಿಂತ ಚಿಕ್ಕದು. ಗರಿಯ ಲಂಗ, ಗರಿಯ ಮೈ, ತಲೆಯ ಮೇಲೆ ಒಂದು ಕಡೆಗೆ ವಾಲಿದ ಟೋಪಿ.

"ಇದನ್ನ ಮಾಡಿದ್ದು ಹಿಲೋದಲ್ಲಿರೋ ಒಬ್ರು ಆಂಟಿ. ಟೋಪಿ ನಾನು ಮಾಡಿದ್ದು, ಅದಕ್ಕೇ ಸೊಟ್ಟ. ಇದು ಕೇದಗೆ ಗರಿ. ಮರದಿಂದ ಕಿತ್ತಿದ್ದಲ್ಲ, ಒಣಗಿ ಬಿದ್ದಿದ್ದು. ಮುಳ್ಳು ತೆಗೆದು, ಒರೆಸಿ, ಸುರುಳಿ ಸುತ್ತಿಟ್ಟು, ಆಮೇಲೆ ಸೀಳೋದು." ಅವಳು ಉಸಿರು ತೆಗೆದುಕೊಂಡಳು. ಪದಗಳನ್ನು ಮೊದಲೇ ಬಾಯಿಪಾಠ ಮಾಡಿಕೊಂಡು ಬಂದಿದ್ದಳೆಂದು ನನಗೆ ಗೊತ್ತಾಯಿತು. "ಹೇಗೆ ಗೊತ್ತು ಅಂದ್ರೆ, ನಾನು ಐದು ಸಾಟರ್ಡೇ ಪಕ್ಕದಲ್ಲೇ ಕೂತಿದ್ದೆ."

ಡಾಕ್ಟರು ಮೆಚ್ಚಿ, "ಎಷ್ಟು ಸಾವಿರ ವರ್ಷದ ಕಲೆಯೋ ಏನೋ!" ಎಂದರು.

"ಇಲ್ಲ ಆಂಟಿ" ಎಂದಳು ಮೊಮ್ಮಗಳು. "ಚಾಪೆ, ಬುಟ್ಟಿ ಹಳೇದು. ಗೊಂಬೆ ಹಳೇದಲ್ಲ. ಆ ಆಂಟಿ ಅವರ ಮೊಮ್ಮಗಳು ಅಳ್ತಾಳೆ ಅಂತ ಮೊದಲನೇದನ್ನ ಒಂದು ದಿನ ಸುಮ್ನೆ ಮಾಡಿದ್ದು. ಹಳೇ ಕಾಲದ್ದು ಅಂತ ಯಾರಿಗೂ ಹೇಳಬೇಡ ಅಂದಿದ್ದಾರೆ."

ನನ್ನ ಮೂರು ಪ್ರಶ್ನೆಗಳಿಗೂ ಉತ್ತರ ಬಂದಿತ್ತು. ಅದರ ಜೊತೆಗೆ ನಾನು ಕೇಳಲು ತಿಳಿಯದೆ ಹೋದ ನಾಲ್ಕನೆಯದಕ್ಕೂ ಬಂದಿತ್ತು. ಇಷ್ಟು ವರ್ಷಗಳಲ್ಲಿ ತಾನು ತಂದ ವಸ್ತುವಿನ ಹಿರಿಮೆಯನ್ನು ತಾನಾಗಿಯೇ ತಗ್ಗಿಸಿ ಹೇಳಿದವರನ್ನು ನಾನು ನೋಡಿರಲಿಲ್ಲ. ಎದ್ದು ಹೋಗಿ ಗೊಂಬೆಯನ್ನು ನಾನೇ ಮೂರನೆಯ ಮೆಟ್ಟಿಲಿನಲ್ಲಿ ಇಟ್ಟೆ. ಅವಳ ಅಮ್ಮ ಬಾಗಿಲ ಬಳಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು.

ಅಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮೊಮ್ಮಗಳು ಕುಳಿತುಕೊಳ್ಳದೆ ಮೇಲಿನ ಮೆಟ್ಟಿಲಿನ ಕಡೆಗೆ ಕೈ ತೋರಿಸಿದಳು.

"ಅಜ್ಜಿ, ಈಗ ನಿನ್ನ ಟರ್ನು. ರಾಜ ರಾಣಿನ ಯಾರು ಮಾಡಿದ್ದು?"

"ಅರಮನೆ ಬಡಗಿ."

"ಯಾವುದರಲ್ಲಿ?"

"ರಕ್ತಚಂದನ. ಎರಡೂ ಒಂದೇ ತುಂಡು."

"ನಿನಗೆ ಹೇಗೆ ಗೊತ್ತು?"

"ನಮ್ಮಮ್ಮ ಹೇಳಿದ್ರು."

"ಅವರಿಗೆ?"

"ಅವರಮ್ಮ ಹೇಳಿರ್ತಾರೆ."

ಕೋಣೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮೊಮ್ಮಗಳು ನಗಲಿಲ್ಲ. "ಹಿಲೋದಲ್ಲಿ ನೀನು ಎಲ್ಲಾ ಅಂಗಡಿ ಗೊಂಬೆನೂ ಉಲ್ಟಾ ಮಾಡ್ದೆ. ಇವನ್ನ ಯಾವತ್ತಾದ್ರೂ ತಿರುಗಿಸಿ ನೋಡಿದ್ಯಾ?"

"ಪಟ್ಟದ ರಾಜನ್ನ ಯಾರಾದ್ರೂ ತಲೆಕೆಳಗು ಮಾಡ್ತಾರೇನೇ?" ನನ್ನ ದನಿ ನಾನು ಬಯಸಿದ್ದಕ್ಕಿಂತ ಜೋರಾಗಿತ್ತು. ಅದು ಸುಳ್ಳು ನೆಪವಾಗಿರಲಿಲ್ಲ. ಪಟ್ಟದ ಗೊಂಬೆಯನ್ನು ಮಗುಚಬಾರದು, ಅದರ ಜರಿಬಟ್ಟೆಯನ್ನು ಪೂರ್ತಿ ಬಿಚ್ಚಬಾರದು, ಹಳೆಯದರ ಮೇಲೆಯೇ ಹೊಸದನ್ನು ಸುತ್ತಬೇಕೆಂಬುದು ನಮ್ಮ ಮನೆಯ ಶಾಸ್ತ್ರ. ಅದನ್ನೂ ನನಗೆ ಹೇಳಿದವರು ನನ್ನ ತಾಯಿಯೇ. ರಕ್ತಚಂದನದ ಮಾತು, ಮಗುಚಬಾರದೆಂಬ ಮಾತು, ಈ ಎರಡನ್ನೂ ನಾನು ಎಂದೂ ಅಕ್ಕಪಕ್ಕದಲ್ಲಿಟ್ಟು ನೋಡಿರಲಿಲ್ಲ. ಸುತ್ತ ನೋಡಿದಾಗ, ನೆರೆಯಾಕೆ ತಲೆ ತಗ್ಗಿಸಿ ತಮ್ಮ ಸೆರಗಿನ ಅಂಚನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸುತ್ತಿದ್ದರು.

"ನಿಮಗೇನಾದ್ರೂ ಗೊತ್ತಾ?" ಎಂದು ಕೇಳಿದೆ.

"ಹಬ್ಬ ಮುಗೀಲಿ ಅಮ್ಮಾ" ಎಂದರು ಅವರು.

ವಿಜಯದಶಮಿಯ ಸಂಜೆ ರಾಜ ರಾಣಿಯರನ್ನು ಮಲಗಿಸಿದೆವು; ಹಬ್ಬ ಮುಗಿದ ಗುರುತಿಗೆ ಹಾಗೆ ಮಾಡುವುದು ಪದ್ಧತಿ. ಮರುದಿನ ಬೆಳಿಗ್ಗೆ ನೆರೆಯಾಕೆ ಬಂದರು. ಮೊಮ್ಮಗಳ ವಿಮಾನ ಮಧ್ಯಾಹ್ನಕ್ಕೆ. ಬೇಡವೆಂದು ನಾನು ಹೇಳಬಹುದಿತ್ತು. ಯಾರೂ ಒತ್ತಾಯಿಸುತ್ತಿರಲಿಲ್ಲ. ಆದರೆ ಗರಾಜಿನ ಶೆಲ್ಫಿನಲ್ಲಿ ಕುಳಿತಿರುವ ಕರಡಿಗೆ ನಾನು ಏನು ಉತ್ತರ ಹೇಳಲಿ? ಮನಸ್ಸಿನಲ್ಲಿಯೇ ತಾಯಿಯ ಕ್ಷಮೆ ಕೇಳಿ, ಅಡುಗೆಮನೆಯ ಮೇಜಿನ ಮೇಲೆ ರಾಜನ ಜರಿಬಟ್ಟೆಗಳನ್ನು ಒಂದೊಂದಾಗಿ ಬಿಚ್ಚಿದೆ. ನಾನು ಸುತ್ತಿದ್ದವು, ಅವುಗಳ ಕೆಳಗೆ ತಾಯಿ ಸುತ್ತಿದ್ದವು. ಕೊನೆಯದು ಕೈಯಲ್ಲಿಯೇ ಪುಡಿಯಾಯಿತು. ಆಮೇಲೆ ರಾಜನನ್ನು ಮಗುಚಿದೆ.

ಅಡಿಯಲ್ಲಿ ನೀರಿಗೆ ಕಲ್ಲೆಸೆದಾಗ ಏಳುವಂಥ ಬಳೆಬಳೆ ಗೆರೆಗಳು. ನಟ್ಟನಡುವೆ ಒಂದು ಸಣ್ಣ ಗುಳಿ.

"ಇದು ಲೇತಿನ ಗುರುತು" ಎಂದರು ನೆರೆಯಾಕೆ ಮೆಲ್ಲಗೆ. "ಕೆತ್ತಿದ್ದಲ್ಲ ಅಮ್ಮಾ, ಕಡೆದಿದ್ದು. ಕೈ ಎರಡೂ ಬೇರೆ ಮಾಡಿ ಕೂರಿಸಿದ್ದಾರೆ, ನೋಡಿ. ಮರ ಆಲೆ ಮರ, ಆಟಿಕೆ ಮಾಡೋ ಹಗುರ ಮರ. ನಮ್ಮ ಅಬ್ಬಾ ದಿನಾ ಇದರಲ್ಲೇ ಕೆಲಸ ಮಾಡ್ತಿದ್ದಿದ್ದು. ಬಣ್ಣ ಅರಗಿನದು."

"ನಿಮಗೆ ಯಾವಾಗಿನಿಂದ ಗೊತ್ತು?"

"ಮೊದಲನೇ ವರ್ಷ ಎತ್ತಿ ಇಟ್ಟಾಗಲೇ. ಕೈಗೆ ಗೊತ್ತಾಯ್ತು."

"ಇಷ್ಟು ವರ್ಷ ಒಂದು ಮಾತು ಹೇಳಲಿಲ್ಲವಲ್ಲ!"

"ನೀವು ಕೇಳಲಿಲ್ಲವಲ್ಲ ಅಮ್ಮಾ." ಅವರ ತುಟಿಯ ಮೂಲೆಯಲ್ಲಿ ನಗುವಿತ್ತು. "ಬೇರೆಯವರ ಗೊಂಬೆ ಎಲ್ಲಾ ಕೇಳಿದ್ರಿ. ನಮ್ಮೂರಿನ ರಾಜ ಅಷ್ಟು ಮೇಲೆ ಕೂತಿದ್ದಾನಲ್ಲ ಅಂತ ನನಗೂ ಖುಷಿ ಇತ್ತು. ಯಾಕೆ ಇಳಿಸಲಿ?"

ಜರಿಬಟ್ಟೆ ಬಿಚ್ಚಿ ರಾಣಿಯನ್ನೂ ಮಗುಚಿದೆವು. ಅವಳ ಅಡಿಯಲ್ಲಿ ಬಳೆಗಳಿರಲಿಲ್ಲ. ಉಳಿಯ ಏಟುಗಳಿದ್ದವು, ಒಂದೊಂದೂ ಒಂದೊಂದು ದಿಕ್ಕಿಗೆ. ಬಣ್ಣ ಹೋದಲ್ಲಿ ಮರ ಒಣಗಿದ ರಕ್ತದ ಬಣ್ಣಕ್ಕಿತ್ತು. ಮೊಮ್ಮಗಳು ದೊಡ್ಡ ಪಾತ್ರೆಗೆ ನೀರು ತುಂಬಿದಳು. "ರಕ್ತಚಂದನ ಮುಳುಗತ್ತೆ ಅಜ್ಜಿ. ತುಂಬಾ ಡೆನ್ಸು." ಅದು ನನಗೂ ಓದಿ ಗೊತ್ತಿದ್ದ ವಿಷಯವೇ. ನೆರೆಯಾಕೆ, "ಒಂದು ನಿಮಿಷಕ್ಕೆ ಏನೂ ಆಗಲ್ಲ, ತಕ್ಷಣ ಒರೆಸಿಬಿಡೋಣ" ಎಂದು ಧೈರ್ಯ ಹೇಳಿದರು. ರಾಣಿ ತಳ ಸೇರಿ, ಪಾತ್ರೆಗೆ ಬಡಿದು ಟಣ್ ಎಂದಳು. ರಾಜ ಮೀಸೆಯನ್ನು ಆಕಾಶಕ್ಕೆ ಎತ್ತಿ ತೇಲಿದ.

ಮನೆ ನಡೆಸುವವರ ತೂಕದ ಮಾತು ನನಗೆ ನೆನಪಾಯಿತು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನನ್ನ ಕೈಗಳು ಪ್ರತಿ ವರ್ಷ ನಿಜ ಹೇಳಿದ್ದವು. ನಾನು ಅದಕ್ಕೆ ನಗೆಮಾತಿನಿಂದ ಉತ್ತರ ಕೊಟ್ಟು ಸುಮ್ಮನಾಗಿಸಿದ್ದೆ. ಆ ನಗೆಮಾತನ್ನು ಕಟ್ಟಿದ ತಾಯಿಗೆ ನಿಜ ಗೊತ್ತಿತ್ತೇ? ಹಳೆಯ ರಾಜನಿಗೆ ಗೆದ್ದಲು ಹಿಡಿಯಿತೇ, ಬೆಂಕಿ ತಗಲಿತೇ, ಮಗುವೊಂದು ಬಾವಿಗೆ ಹಾಕಿತೇ? ಚನ್ನಪಟ್ಟಣಕ್ಕೆ ಹೋಗಿ ಇನ್ನೊಬ್ಬ ರಾಜನನ್ನು ತಂದವರು ಯಾರು? ಒಂದು ಕಥೆ ಕಟ್ಟುವುದು ಸುಲಭ. ಕಮಾನಿನ ಕೆಳಗೆ ಹಾಗೆ ಕಟ್ಟಿದವರನ್ನು ನೋಡಿ ಬೆಳೆದವಳಾದ್ದರಿಂದ ನಾನು ಕಟ್ಟುವುದಿಲ್ಲ.

"ನಿಯಮದ ಪ್ರಕಾರ ಇವನು ಗರಾಜಿಗೆ ಹೋಗ್ಬೇಕು" ಎಂದೆ.

ಮೊಮ್ಮಗಳು ರಾಜನ ಮೈಯನ್ನು ಟವೆಲಿನಿಂದ ಒರೆಸುತ್ತಿದ್ದಳು. "ಯಾಕೆ? ನಿಯಮ ಹಳೇದಾಗಿರಬೇಕು ಅಂತ ಅಲ್ವಲ್ಲ. ಗೊತ್ತಿರೋದನ್ನ ಹೇಳ್ಬೇಕು ಅಂತ. ಈಗ ಗೊತ್ತು. ಗೊತ್ತಿಲ್ಲದೇ ಇರೋದು ಯಾವುದು ಅಂತಲೂ ಗೊತ್ತು." ಅವಳು ತನ್ನ ನೋಟುಪುಸ್ತಕದಿಂದ ಒಂದು ಚೀಟಿ ಹರಿದು, ನಿಧಾನವಾಗಿ, ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆದಳು. ಬರೆಯುವಾಗ ನಾಲಿಗೆಯ ತುದಿ ಹೊರಗಿತ್ತು, ಒಂದನೆಯ ತರಗತಿಯ ಮಗುವಿನಂತೆ. *ರಾಜ. ಆಲೆ ಮರ. ಲೇತಿನಲ್ಲಿ ಕಡೆದದ್ದು. ಹೇಳಿದವರು: ಎರಡು ಮನೆ ಆಚೆಯ ಆಂಟಿ. ಯಾರು ಮಾಡಿದ್ದು: ಗೊತ್ತಿಲ್ಲ. ಯಾಕೆ ಬಂದ: ಗೊತ್ತಿಲ್ಲ.* ರಾಣಿಗೂ ಒಂದು ಬರೆದಳು. ಅರಮನೆಯ ಬಡಗಿಯ ಹೆಸರು ಅದರಲ್ಲಿಲ್ಲ. ನಾನು ಕನ್ನಡಕ ಹಾಕಿಕೊಂಡು ಎರಡನ್ನೂ ಎರಡು ಸಲ ಓದಿದೆ. ತಿದ್ದುವುದಕ್ಕೆ ಏನೂ ಇರಲಿಲ್ಲ.

ಟ್ರಂಕಿನ ಬೀಗದ ಕೈ ನನ್ನ ಮಾಂಗಲ್ಯದ ಸರದ ಪಿನ್ನಿನಲ್ಲಿ ಇರುತ್ತದೆ. ಬಿಚ್ಚಿ ಅವಳ ಗೀರು ಬಿದ್ದ ಅಂಗೈಯಲ್ಲಿಟ್ಟೆ. ಅವಳ ಅಮ್ಮ, "ಇನ್ನೇನು, ದೇವಸ್ಥಾನಕ್ಕೆ ಫೋನು ಮಾಡೋ ಹಾಗಿಲ್ಲ" ಎಂದಳು. ಅದು ಬೇಸರವೋ ಸಮಾಧಾನವೋ ಹೇಳುವುದು ಕಷ್ಟ; ನಾನು ಸಮಾಧಾನವೆಂದು ತೆಗೆದುಕೊಂಡೆ.

"ಬೀಗದ ಕೈ ಈಗ್ಲೇ ಬೇಡ ಅಜ್ಜಿ, ಡಾರ್ಮಲ್ಲಿ ಕಳೆದುಹೋಗತ್ತೆ" ಎಂದು ಮೊಮ್ಮಗಳು ಅದನ್ನು ಮತ್ತೆ ನನ್ನ ಪಿನ್ನಿಗೆ ಸಿಕ್ಕಿಸಿದಳು. "ನನ್ನದು ನಿನ್ನ ಹತ್ರ ಇರಲಿ. ಮುಂದಿನ ವರ್ಷ ಇಬ್ಬರೂ ಸೇರಿ ಉಳಿದ ಅರವತ್ತು ಗೊಂಬೆನೂ ತಿರುಗಿಸೋಣ. ಬಟ್ ಒಂದೂ ಒಬ್ಬಳೇ ನೋಡಬಾರದು. ಪ್ರಾಮಿಸ್?"

ನಾನು ಪ್ರಾಮಿಸ್ ಎಂದೆ. ಅವಳನ್ನು ಹತ್ತಿಸಿಕೊಂಡ ಕಾರು ಫ್ರೀವೇ ಸೇರುವ ಹೊತ್ತಿಗೆ ನಾನು ಟ್ರಂಕಿನ ಮುಂದೆ ಕುಳಿತು ನಾಲ್ಕನೆಯ ಗೊಂಬೆಯನ್ನು ಮಗುಚುತ್ತಿದ್ದೆ.